ಅತ್ತಿಗೆಯ ಸ್ವಂತ ಕೂದಲು

ನೀರು ಚಿಮುಕಿಸಿದರೆ ನಮ್ಮ ಅತ್ತಿಗೆಯ ಕೂದಲಿನಿಂದ ಹನಿ ಕೆಳಗೆ ಜಾರುವುದಿಲ್ಲ. ಒಂದೊಂದು ಹನಿಯೂ ಒಂದೊಂದು ಸುರುಳಿಯ ತುದಿ ಹಿಡಿದು ಅಲ್ಲೇ ನಿಂತುಬಿಡುತ್ತದೆ. ಮಲೇಷ್ಯಾದ ಕ್ಲಾಂಗಿನ ಬಿಸಿಲು ಚುರುಗುಟ್ಟುವ ಮೊದಲು ಅವರು ಬಾಲ್ಕನಿಯಲ್ಲಿ ಬೆತ್ತದ ಮೋಡಾ ಹಾಕಿಕೊಂಡು ಕೂತು, ಅಗಲ ಹಲ್ಲಿನ ಮರದ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ನಿಧಾನಕ್ಕೆ ಬಾಚಿಕೊಳ್ಳುತ್ತಾರೆ. ಕಡುಗಪ್ಪಾದ, ದಟ್ಟವಾದ, ತಲೆಯ ಸುತ್ತ ಗುಂಡಗೆ ಎದ್ದು ನಿಲ್ಲುವ ಕೂದಲು. ಎದುರು ಕಟ್ಟಡದವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡುತ್ತಾರೆ. ಅತ್ತಿಗೆ ಕೈ ಬೀಸುತ್ತಾರೆ. ಅವರಿಗೆ ಯಾರು ನೋಡಿದರೂ ಸಂಕೋಚವಿಲ್ಲ.

ಆದರೆ ನಾನು ಮೈಸೂರಿನಿಂದ ಇಲ್ಲಿಗೆ ಎಂ.ಎಸ್ಸಿ. ಓದಲು ಬಂದು ಅಣ್ಣನ ಮನೆಯಲ್ಲಿ ಇಳಿದಾಗ ಈ ಕೂದಲು ಇರಲಿಲ್ಲ. ಅಲ್ಲ, ಇತ್ತು, ಆದರೆ ನಾವು ಯಾರೂ ನೋಡಿರಲಿಲ್ಲ. ಆಗ ಅತ್ತಿಗೆಯ ಕೂದಲು ನೆಟ್ಟಗೆ, ಇಸ್ತ್ರಿ ಮಾಡಿದ ಹಾಗೆ, ಭುಜದವರೆಗೆ ಇಳಿದಿತ್ತು. ಮದುವೆಯ ಫೋಟೋಗಳಲ್ಲೂ ಹಾಗೇ ಇದೆ. ಅದು ಅವರದೇ ಕೂದಲಿನ ಸಹಜ ರೂಪ ಎಂದೇ ನಾನು ಮೊದಮೊದಲು ತಿಳಿದಿದ್ದೆ. ಅಣ್ಣನಿಗೆ ಮಾತ್ರ ಪಾರ್ಲರಿನಲ್ಲಿ ನೆಟ್ಟಗೆ ಮಾಡಿಸಿಕೊಳ್ಳುವ ವಿಷಯ ಗೊತ್ತಿತ್ತು, ಆದರೆ ಪಾರ್ಲರಿಗೆ ಹೋಗದಿದ್ದರೆ ಏನಿರುತ್ತದೆ ಎಂಬುದನ್ನು ಅವನೂ ಕಂಡವನಲ್ಲ.

ಅತ್ತಿಗೆ ಉತ್ತರ ಕನ್ನಡದ ಸಿದ್ದಿ ಸಮುದಾಯದವರು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ತರಲಾಗಿದ್ದವರ ವಂಶ ಅವರದು. ಚಿಕ್ಕ ವಯಸ್ಸಿನಲ್ಲೇ ಓಟದಲ್ಲಿ ಆಯ್ಕೆಯಾಗಿ ಧಾರವಾಡದ ಕ್ರೀಡಾ ಹಾಸ್ಟೆಲ್ ಸೇರಿದರು. ಅಲ್ಲಿ ಬೆಳೆದಿದ್ದರಿಂದ ಮಾತೆಲ್ಲ ಧಾರವಾಡದ್ದು. ಅಣ್ಣ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆ ಕಂಪನಿಯೊಂದರಲ್ಲಿದ್ದಾನೆ, ಅತ್ತಿಗೆ ಹತ್ತಿರದ ಖಾಸಗಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಲಿಫ್ಟಿಗೆ ಕಾಯುವ ಅಭ್ಯಾಸ ಅವರಿಗಿಲ್ಲ, ಮೆಟ್ಟಿಲೇ. ಮಕ್ಕಳು ಪಕ್ಕದವರನ್ನು ನೋಡುತ್ತಾ ಓಡಿದರೆ ಮೈದಾನದ ಆಚೆ ತುದಿಯಿಂದ ಅವರ ಕೂಗು ಕೇಳುತ್ತದೆ. ಮನೆಯಲ್ಲಿ ನಾನು ಸಹಪಾಠಿಗಳ ಅಂಕದ ವಿಷಯ ತೆಗೆದು ಕೊರಗಿದರೂ ಅದೇ ಕೂಗು: "ನಿನ್ನ ಲೇನ್‌ನ್ಯಾಗ ನೀ ಓಡವಾ."

ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಹೊಸ ಸೆಕ್ಯುರಿಟಿ ಬಂದಾಗಲೆಲ್ಲ ಒಂದೇ ನಾಟಕ. "ಮ್ಯಾಡಂ, ನೈಜೀರಿಯಾ?" ಎಂದು ಅವನು ಕೇಳುತ್ತಾನೆ. ಇಂಡಿಯಾ ಎಂದರೆ ನಂಬದೆ, ಅಲ್ಲಿ ಇಂಥವರು ಎಲ್ಲಿದ್ದಾರೆ ಎಂದು ಇಲ್ಲಿಯ ಇಂಗ್ಲಿಷಿನಲ್ಲಿ ಕೇಳುತ್ತಾನೆ: "ಇಂಡಿಯಾ ವೇರ್ ಗಾಟ್ ಲೈಕ್ ದಿಸ್ ಒನ್, ಲಾ?" ಅತ್ತಿಗೆ ಎದೆ ಮುಟ್ಟಿಕೊಂಡು ಅವನದೇ ಧಾಟಿಯಲ್ಲಿ ಹೇಳುತ್ತಾರೆ: "ಗಾಟ್, ಲಾ. ಮೀ." ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ನಗುತ್ತಾರೆ.

ಇಷ್ಟು ಧೈರ್ಯದ ಹೆಂಗಸು ಮಳೆಗೆ ಹೆದರುತ್ತಿದ್ದರು ಎಂದರೆ ಈಗ ಯಾರೂ ನಂಬಲಾರರು. ಕ್ಲಾಂಗಿನಲ್ಲಿ ಮಧ್ಯಾಹ್ನ ಕಳೆದರೆ ಮಳೆ ಬರುವುದು ಮಾಮೂಲು. ಎರಡು ಹನಿ ಬಿದ್ದರೆ ಸಾಕು, ಅತ್ತಿಗೆ ಮಕ್ಕಳಿಗಿಂತ ಮೊದಲು ಸೂರು ಸೇರುತ್ತಿದ್ದರು. ನೀರು ತಾಗಿದರೆ ಬುಡದಿಂದ ಸುರುಳಿ ಏಳುತ್ತದೆ, ಮತ್ತೆ ಪಾರ್ಲರಿಗೆ ಓಡಬೇಕು. ಈಜುಕೊಳಕ್ಕೆ ಇಳಿಯುತ್ತಿರಲಿಲ್ಲ. ದಿಂಬಿನ ಮೇಲೆ ರೇಷ್ಮೆ ಬಟ್ಟೆ. ನೆಟ್ಟಗೆ ಮಾಡಿಸಿಕೊಂಡು ಬಂದ ದಿನ ಮನೆ ತುಂಬ ಘಾಟು. ನೆತ್ತಿ ಸುಟ್ಟು ಹಕ್ಕಳೆ ಕಟ್ಟಿದ್ದನ್ನು ಒಮ್ಮೆ ನಾನೇ ನೋಡಿ ಕೇಳಿದ್ದಕ್ಕೆ, "ಏನಿಲ್ಲ ಬಿಡ, ರೂಢಿ ಆಗೇತಿ" ಎಂದಿದ್ದರು.

ಬಸುರಿಯಾಗಿ ಮೂರು ತಿಂಗಳಾದಾಗ ಅವರು ರೂಢಿ ಮುರಿದರು. ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಪಾರ್ಲರಿಗೆ ಹೋದರು. ಅಲ್ಲಿಯ ತಮಿಳಕ್ಕ ಎಂದಿನಂತೆ ಔಷಧ ಕಲಸಲು ಬಟ್ಟಲು ತೆಗೆದುಕೊಂಡಳು. ಅತ್ತಿಗೆ ಬೇಡವೆಂದು ಕೈ ಅಡ್ಡ ಹಿಡಿದು, ನೆಟ್ಟಗಿರುವುದನ್ನೆಲ್ಲ ಕತ್ತರಿಸಿ, ಬುಡದಲ್ಲಿ ಹೊಸದಾಗಿ ಬಂದಿರುವುದನ್ನು ಮಾತ್ರ ಬಿಡಿ ಎಂದರು.

"ಆಲ್? ಹಸ್ಬೆಂಡ್‌ಗೆ ತೆರಿಯುಮಾ?" ಗಂಡನಿಗೆ ಗೊತ್ತೇ ಎಂದು ಕೇಳಿ ತಮಿಳಕ್ಕ ಕತ್ತರಿ ಹಿಡಿದು ನಿಂತೇ ಇದ್ದಳು.

"ತಲಿ ನಂದು, ಅಕ್ಕಾ," ಅತ್ತಿಗೆ ಕನ್ನಡದಲ್ಲೇ ಹೇಳಿದರು. ಅವಳಿಗೆ ಅರ್ಥವಾಯಿತು.

ಕೂದಲು ನೆಲಕ್ಕೆ ಬಿತ್ತು. ಕನ್ನಡಿಯಲ್ಲಿ ಉಳಿದ ತಲೆ ಚಿಕ್ಕದು, ದುಂಡನೆಯದು, ಒತ್ತಾದ ಸುರುಳಿಗಳದು. ಅತ್ತಿಗೆಯ ಕೆನ್ನೆಲುಬು, ಕತ್ತು, ಕಿವಿಯ ಆಕಾರ ಎಲ್ಲ ನನಗೆ ಅವತ್ತು ಮೊದಲ ಸಲ ಕಂಡ ಹಾಗಾಯಿತು. ಹೊರಗೆ ಮಳೆ ಶುರುವಾಗಿತ್ತು. ನಾನು ಕೊಡೆ ಬಿಚ್ಚಿದೆ. ಅವರು ಕೊಡೆಯೊಳಗೆ ಬರಲಿಲ್ಲ. ಕಾರು ನಿಲ್ಲಿಸಿದ್ದಲ್ಲಿಯವರೆಗೆ ತಲೆ ಎತ್ತಿಕೊಂಡು, ಆತುರವಿಲ್ಲದೆ ನಡೆದರು. "ನೆತ್ತಿಗೆ ಮಳಿ ತಾಗೂದು ಮರತ ಹೋಗಿತ್ತ ನೋಡ," ಎಂದರು. ಕಣ್ಣು ಒರೆಸಿಕೊಂಡರೋ ಮಳೆ ಒರೆಸಿಕೊಂಡರೋ ತಿಳಿಯಲಿಲ್ಲ.

ಅಣ್ಣ ಸಂಜೆ ಬಂದ. ಕೈಯಲ್ಲಿ ಅತ್ತಿಗೆಗೆ ಇಷ್ಟವೆಂದು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ರೋಟಿ ಚನಾಯ್ ಎಂಬ ಪರೋಟ. ಬಾಗಿಲಲ್ಲೇ ನಿಂತ. ಬೈಯಲಿಲ್ಲ, ಅದು ಅವನ ಸ್ವಭಾವವೂ ಅಲ್ಲ. ಪೊಟ್ಟಣವನ್ನು ಟೇಬಲ್ ಮೇಲಿಟ್ಟು ಕೇಳಿದ:

"ಮೊದಲಿನ ಥರ ಆಗೋಕೆ ಎಷ್ಟು ದಿನ ಬೇಕು?"

ಅತ್ತಿಗೆ ತಟ್ಟೆ ಜೋಡಿಸುತ್ತಿದ್ದವರು ಹಾಗೇ ಹೇಳಿದರು: "ಇದ ಮೊದಲಿಂದು."

ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಣ್ಣ ದೋಸೆ ಹುಯ್ಯುತ್ತಿದ್ದ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ, ಕಾಲು ಒತ್ತುತ್ತಿದ್ದ. ಆದರೆ ಮಾತಾಡುವಾಗ ಅವನ ಕಣ್ಣು ಅತ್ತಿಗೆಯ ಹಣೆಯವರೆಗೆ ಹೋಗಿ ಅಲ್ಲಿಂದ ಬೇರೆ ಕಡೆಗೆ ತಿರುಗುತ್ತಿತ್ತು. ನನಗೆ ಕಂಡದ್ದು ಅತ್ತಿಗೆಗೆ ಕಾಣದೆ ಇರುತ್ತದೆಯೇ?

ಅವನ ಆಫೀಸಿನ ವಾರ್ಷಿಕ ಔತಣ ಹತ್ತಿರ ಬಂತು. ಗಂಡ ಹೆಂಡತಿ ಜೊತೆಯಾಗಿ ಹೋಗುವಂಥದ್ದು. ಊಟಕ್ಕೆ ಕೂತಾಗ ಅಣ್ಣ ಅನ್ನ ಕಲಸುತ್ತಾ, ತಲೆ ಎತ್ತದೆ ಹೇಳಿದ: "ನಿಂಗೆ ಕಾಲು ಊದಿದೆ, ಬರೋಕಾಗಲ್ಲ ಅಂತ ಹೇಳಿಬಿಡ್ತೀನಿ. ಸುಮ್ನೆ ಸ್ಟ್ರೈನ್ ಯಾಕೆ?"

"ನನ್ನ ಕಾಲು ಚಲೋ ಅದಾವ," ಎಂದರು ಅತ್ತಿಗೆ.

ನಾನು ಎದ್ದು ಹೋಗಲು ನೋಡಿದೆ. ಅವರು ಕೈ ಹಿಡಿದು ಕೂರಿಸಿದರು. ಆಮೇಲೆ ಅಣ್ಣನಿಗೆ ಒಂದು ಹಳೆಯ ಮಾತು ಹೇಳಿದರು. ಹಾಸ್ಟೆಲಿನಲ್ಲಿ ಜೊತೆಗೆ ಓಡುತ್ತಿದ್ದ ಒಬ್ಬ ಹುಡುಗನಿದ್ದ. ಇಬ್ಬರಿಗೂ ಪ್ರೀತಿ. ಒಂದು ದಿನ ಅವನು ತಮಾಷೆಗೆಂಬಂತೆ, ನೀನು ಎಲ್ಲ ಚೆಂದ, ಕೂದಲೊಂದು ಮೆತ್ತಗಿದ್ದಿದ್ದರೆ ಮನೆಯಲ್ಲಿ ತೋರಿಸಬಹುದಿತ್ತು ಎಂದನಂತೆ.

"ನಾ ಆಗ ಸಣ್ಣಾಕಿ. ಮರುದಿನಾನ ಪಾರ್ಲರಿಗೆ ಹೋಗಿ ನೆಟ್ಟಗ ಮಾಡಿಸ್ಕೊಂಡ ಬಂದೆ. ಆದರೂ ಅವ ಉಳೀಲಿಲ್ಲ. ಅವ ಹೋದ, ಈ ಚಟ ಉಳೀತು. ನೀ ನನ್ನ ನೋಡಿದಾಗೂ ಹಂಗ ಇದ್ದೆ, ಯಾಕಂತ ನಿನಗ ಹೇಳಲಿಲ್ಲ. ಈಗ ಹೇಳಾಕತ್ತೇನಿ. ನಾ ಇನ್ನ ನೆಟ್ಟಗ ಮಾಡಿಸ್ಕೊಳ್ಳೂದಿಲ್ಲ. ನನಗ ಬ್ಯಾಸರ ಇಲ್ಲ, ಸಿಟ್ಟೂ ಇಲ್ಲ. ಆದ್ರ ಹೊಟ್ಟ್ಯಾಗಿನ ಕೂಸಿಗೂ ಇದ ಕೂದಲಾ ಬರ್ತದ. ಅದು ಬಂದು, ಅಪ್ಪಾ, ನೀ ಯಾಕ ಆ ಕಡೆ ನೋಡ್ತಿ ಅಂತ ಕೇಳಿದ್ರ, ಏನ್ ಹೇಳ್ತಿ?"

ಅಣ್ಣನ ತುತ್ತು ತಟ್ಟೆಯಲ್ಲೇ ಉಳಿಯಿತು. ಈ ಮದುವೆಗಾಗಿ ನಮ್ಮಮ್ಮನೊಡನೆ ವರ್ಷವಿಡೀ ವಾದ ಮಾಡಿದವನು ಅವನು. ಊರಿನವರ ಮಾತಿಗೆಲ್ಲ ಅವನಲ್ಲಿ ಉತ್ತರವಿತ್ತು. ಈಗ ಅವನು ಎದ್ದು ಕೈ ತೊಳೆದು, ಒರೆಸಿಕೊಂಡು ಬಂದ. ಅತ್ತಿಗೆಯ ಕುರ್ಚಿಯ ಹಿಂದೆ ನಿಂತು, ಹೊಸದಾಗಿ ಪರಿಚಯವಾದವನ ಹಾಗೆ ಕೇಳಿದ:

"ಮುಟ್ಟಲಾ?"

ಅತ್ತಿಗೆ ತಲೆಯಾಡಿಸಿದರು. ಅವನು ಎರಡೂ ಕೈಗಳನ್ನು ಮೆಲ್ಲಗೆ ಇಟ್ಟ. ಬೆರಳು ಒಳಗೆ ಹೋದವು. ಅವನ ಮುಖ ಬದಲಾದದ್ದನ್ನು ನಾನು ಕಂಡೆ.

"ಮೆತ್ತಗಿದೆ ಕಣೇ!"

"ಮತ್ತ? ಏನಂತ ತಿಳ್ದಿದ್ದಿ, ತಂತೀನ?" ಎಂದು ಅತ್ತಿಗೆ ನಕ್ಕರು. ನಗು ಅರ್ಧಕ್ಕೆ ಅಳುವಾಯಿತು. ಅಣ್ಣ ಕೈ ತೆಗೆಯಲಿಲ್ಲ. ಔತಣಕ್ಕೆ ಇಬ್ಬರೂ ಹೋದರು, ಅತ್ತಿಗೆ ಹಸಿರು ರೇಷ್ಮೆ ಸೀರೆ ಉಟ್ಟು, ದೊಡ್ಡ ಜುಮುಕಿ ಹಾಕಿ. ವಾಪಸು ಬಂದ ಮೇಲೆ ಅಣ್ಣ ಹೇಳಿದ್ದು ಇಷ್ಟೇ: "ಎಲ್ಲಾ ಇವಳ ಹತ್ರಾನೇ ಬಂದು ಮಾತಾಡಿಸ್ತಿದ್ರು. ನನ್ನನ್ನ ಯಾರೂ ಕೇಳಲೇ ಇಲ್ಲ." ದೂರಿನ ಧ್ವನಿಯಲ್ಲಿ ಹೇಳಿದರೂ ಮುಖ ಅರಳಿತ್ತು.

ಏಳನೇ ತಿಂಗಳಿಗೆ ಸೀಮಂತ. ಅಮ್ಮ ಮೈಸೂರಿನಿಂದ ಬಂದರು. ಫೋನಿನಲ್ಲಿ ನೋಡಿದ್ದರೂ ಎದುರಿಗೆ ಕಂಡಾಗ ಸೊಸೆಯ ತಲೆಯನ್ನೇ ನೋಡುತ್ತ ನಿಂತರು. ಮೊಗ್ಗಿನ ಜಡೆ ಹಾಕಿಸಬೇಕೆಂಬುದು ಅವರ ಆಸೆ. ಅದಕ್ಕೆಂದೇ ಸೂಟ್‌ಕೇಸಿನ ತಳದಲ್ಲಿ ಉದ್ದನೆಯ ಚೌರಿಯೊಂದನ್ನು ತಂದಿದ್ದರು. ಸೊಸೆಯ ಮನ ನೋಯಿಸುವ ಉದ್ದೇಶ ಅವರಿಗಿರಲಿಲ್ಲ. ಬಸುರಿಗೆ ಮೊಗ್ಗಿನ ಜಡೆ ಇಲ್ಲದಿದ್ದರೆ ಅವರ ಪಾಲಿಗೆ ಸೀಮಂತವೇ ಅಲ್ಲ.

ಸೀಮಂತದ ದಿನ ಕೌಲಾಲಂಪುರ, ಪುತ್ರಜಯಾ ಕಡೆಯಿಂದ ನಮ್ಮ ಕನ್ನಡದ ಸ್ನೇಹಿತೆಯರೆಲ್ಲ ಬಂದು ಕೂತಿದ್ದರು. ಅಮ್ಮ ಚೌರಿ ಹೊರತೆಗೆದರು. ಅತ್ತಿಗೆ ಅಣ್ಣನ ಕಡೆ ನೋಡಿದರು. ಅವನು ಆಗಷ್ಟೇ ಕ್ಲಾಂಗಿನ ತಮಿಳು ಹೂವಿನ ಅಂಗಡಿಯಿಂದ ಕಟ್ಟದ ಬಿಡಿ ಮೊಗ್ಗುಗಳನ್ನು ಬುಟ್ಟಿ ತುಂಬ ತಂದಿದ್ದ.

"ಅಮ್ಮ, ಚೌರಿ ಬೇಡ," ಎಂದ. "ಇವಳ ಕೂದಲಿಗೇ ಮುಡಿಸ್ತೀನಿ."

"ಗಂಡಸು ನೀನು, ಕೂತ್ಕೋ ಸುಮ್ನೆ. ಇಷ್ಟು ಗಿಡ್ಡ ಕೂದಲಲ್ಲಿ ಮೊಗ್ಗು ಹೇಗೋ ನಿಲ್ಲುತ್ತೆ?"

ಅವನು ಅತ್ತಿಗೆಯ ಹಿಂದೆ ಮಣೆ ಹಾಕಿಕೊಂಡು ಕೂತ. ಒಂದು ಮೊಗ್ಗು ತೆಗೆದು ಸುರುಳಿಯೊಳಗೆ ಇಟ್ಟ. ನಿಂತಿತು. ದಾರವಿಲ್ಲ, ಪಿನ್ನಿಲ್ಲ. ಇನ್ನೊಂದು ಇಟ್ಟ. ಅದೂ ನಿಂತಿತು. ಹರಟೆಯೆಲ್ಲ ನಿಂತು ಹೆಂಗಸರು ಕತ್ತು ಚಾಚಿ ನೋಡಿದರು. ಇಲ್ಲೇ ಹುಟ್ಟಿ ಬೆಳೆದ ಒಬ್ಬ ಪುಟ್ಟ ಹುಡುಗಿ ತಾಯಿಯನ್ನು ಕೇಳಿದಳು, "ಅಮ್ಮಾ, ಈಸ್ ಇಟ್ ಗ್ಲೂಡ್?" ಎಲ್ಲರೂ ನಕ್ಕರು. ಅಣ್ಣನ ಕೈ ಮಾತ್ರ ನಿಲ್ಲಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ನೋಡಿದರು. ತಡೆಯಲಾರದೆ ಎದ್ದು ಬಂದರು. "ಹಾಗಲ್ಲ ಕಣೋ, ಮೊಗ್ಗಿನ ಮುಖ ಮೇಲಕ್ಕಿರಬೇಕು, ಸಾಲು ಸೊಟ್ಟ ಹೋಗ್ತಿದೆ ನೋಡು. ಸರಿ ಆ ಕಡೆ." ಚೌರಿ ಸೋಫಾದ ಮೇಲೆ ಬಿದ್ದಿತ್ತು. ತಾಯಿ ಮಗ ಅಕ್ಕಪಕ್ಕ ಕೂತು ಹಣೆಯಿಂದ ಕತ್ತಿನವರೆಗೆ ಸಾಲು ಸಾಲಾಗಿ ಮೊಗ್ಗು ಮುಡಿಸಿದರು. ಆರತಿ ಎತ್ತುವ ಹೊತ್ತಿಗೆ ಮೊಗ್ಗು ಬಿರಿಯತೊಡಗಿದ್ದವು. ಅತ್ತಿಗೆ ಎದ್ದು ನಿಂತಾಗ ಅಮ್ಮ ಅವರ ಗಲ್ಲ ಹಿಡಿದು, ಬಂದವರಿಗೆಲ್ಲ ಕೇಳುವ ಹಾಗೆ ಹೇಳಿದರು: "ನೋಡಿ, ನಮ್ಮ ಸೊಸೆಗೆ ದಾರವೇ ಬೇಕಾಗಿಲ್ಲ." ಹೊಸ ಒಡವೆ ತೋರಿಸುವಾಗ ಅವರಿಗೆ ಬರುವ ಧ್ವನಿ ಅದು.

ಮಗು ಹುಟ್ಟಿತು, ಹೆಣ್ಣು. ತಾಯಿಯದೇ ಕೂದಲು. ಭಾನುವಾರ ಎಣ್ಣೆ ಹಚ್ಚಿ ಬೈತಲೆ ತೆಗೆದು ಹೆಣೆಯುವುದು ಅಣ್ಣನ ಕೆಲಸ. ಮೊದಮೊದಲು ಅವನ ಹೆಣಿಗೆ ದಾರಿ ತಪ್ಪಿದ ಇರುವೆ ಸಾಲಿನಂತೆ ಇರುತ್ತಿತ್ತು. ಬಿಚ್ಚಿ, ಬೈಸಿಕೊಂಡು, ಮತ್ತೆ ಹೆಣೆದು ಕಲಿತ. ಈಗ ಅತ್ತಿಗೆ ತಮ್ಮ ತಲೆಯನ್ನೂ ಅವನಿಗೇ ಒಪ್ಪಿಸಿ ಕಣ್ಣು ಮುಚ್ಚಿ ಕೂರುತ್ತಾರೆ. ಶಾಲೆಯಲ್ಲಿ ಓದುವ ಆಫ್ರಿಕಾದ ಕೆಲವು ಹುಡುಗಿಯರು ಟೀಚರ್ ತಲೆ ಬಾಚಿದವರು ಯಾರೆಂದು ಕೇಳಿದರೆ, "ಮೈ ಹಸ್ಬೆಂಡ್" ಎಂದು ತಲೆ ತಿರುಗಿಸಿ ಹಿಂಭಾಗವನ್ನೂ ತೋರಿಸುತ್ತಾರಂತೆ.

ಇನ್ನು ನನ್ನ ಮಾತು. ನಮ್ಮ ಅಪ್ಪನ ಕಡೆಯವರಿಗೆಲ್ಲ ಬಾಲನೆರೆ. ನನಗೆ ಕಾಲೇಜಿನಲ್ಲೇ ಮುಂದಲೆ ಬೆಳ್ಳಗಾಗಿತ್ತು. ಬಣ್ಣ ಹಚ್ಚದೆ ಮನೆಯಿಂದ ಹೊರಬಿದ್ದವಳಲ್ಲ. ಓದು ಮುಗಿಸಿ ಇಲ್ಲೇ ಕೆಲಸಕ್ಕೆ ಸೇರಿದ ಮೇಲೆ, ಪುತ್ರಜಯಾದ ಹತ್ತಿರ ಕೆಲಸದಲ್ಲಿದ್ದ ಮಂಗಳೂರಿನ ಹುಡುಗನೊಬ್ಬನ ಪರಿಚಯವಾಯಿತು. ಫೋನಿನಲ್ಲಿ ತುಂಬ ದಿನ ಮಾತಾಡಿ, ಕಡೆಗೆ ಭೇಟಿಯಾಗುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಬಣ್ಣದ ಡಬ್ಬಿ ಒಡೆದು ಕನ್ನಡಿಯ ಮುಂದೆ ನಿಂತಿದ್ದೆ. ಅತ್ತಿಗೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದರು. ಬುದ್ಧಿ ಹೇಳಲಿಲ್ಲ. "ನಾಳೆ ಅಲ್ಲಿಗೆ ಯಾರನ್ನ ಕಳಸಾಕತ್ತಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದರು.

ಬುಡದಲ್ಲಿ ಎದ್ದಿದ್ದ ಬಿಳಿಗೆ ಬಣ್ಣ ಹಚ್ಚದೆ ನಾನು ಹಾಗೇ ಹೋದೆ. ಅವನು ಊಟ ಮುಗಿಯುವವರೆಗೂ ಆ ವಿಷಯ ಎತ್ತಲಿಲ್ಲ. ಟೀ ಬಂದ ಮೇಲೆ, "ಒಂದು ಕೇಳ್ಲಿಕ್ಕುಂಟು, ಬೇಜಾರಿಲ್ಲ ಅಲ್ವಾ?" ಎಂದ. ನಾನು ಟೀ ಕಪ್ ಕೆಳಗಿಟ್ಟೆ. "ಈ ಬಿಳಿ ಕೂದಲು ಅಪ್ಪನ ಕಡೆಯದ್ದಾ, ಅಮ್ಮನ ಕಡೆಯದ್ದಾ?"

"ಅಪ್ಪನ ಕಡೆಯದು."

"ಒಳ್ಳೆ ಚೆಂದ ಉಂಟು ಮಾರಾಯ್ತಿ."

ಅವನನ್ನೇ ಮದುವೆಯಾದೆ. ಮೈಸೂರಿನಲ್ಲಿ ಮದುವೆ. ಬೆಳಿಗ್ಗೆ ಅಲಂಕಾರ ಮಾಡಲು ಬಂದಾಕೆ ನನ್ನ ಮುಂದಲೆ ನೋಡಿ ಗಾಬರಿಯಾಗಿ, "ಅಯ್ಯೋ, ಐದೇ ನಿಮಿಷ, ಮುಚ್ಚಿಬಿಡ್ತೀನಿ" ಎಂದು ಬಣ್ಣದ ಕುಂಚ ಎತ್ತಿಕೊಂಡಳು. ಒಬ್ಬಿಬ್ಬರು ಅತ್ತೆಯಂದಿರೂ ಅದಕ್ಕೆ ದನಿಗೂಡಿಸಿದರು. ಅತ್ತಿಗೆ ಮಗುವನ್ನು ಅಣ್ಣನ ಕೈಗೆ ಕೊಟ್ಟು ನನ್ನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು. ತಲೆಯ ತುಂಬ ಎದ್ದು ನಿಂತ ಕೂದಲು, ಮೈತುಂಬ ಕೆಂಪು ರೇಷ್ಮೆ. ಅಲಂಕಾರದವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೇಳಿದೆ:

"ಮುಚ್ಚೋದು ಬೇಡಮ್ಮ. ಬಾಚಿಬಿಡಿ ಸಾಕು."

ನನ್ನ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.