ಸೊಗಡಿಲ್ಲದ ಅವರೆ

ಆ ಚಳಿಗಾಲ ಗೂಡ್ಸ್ ಆಟೋದಲ್ಲಿ ಅವರೆಕಾಯಿ ತುಂಬಿಕೊಂಡು ಬನಶಂಕರಿ ಬೀದಿಗಳನ್ನು ಸುತ್ತುತ್ತಿದ್ದೆ. ಅಕಾಲದ ಮಳೆ, ದಿನಾ ಮೋಡ. ಹೊಲಕ್ಕೆ ಇಬ್ಬನಿಯೇ ಬಿದ್ದಿರಲಿಲ್ಲ. ಇಬ್ಬನಿ ಕುಡಿಯದ ಅವರೆಗೆ ಸೊಗಡು ಎಲ್ಲಿಂದ ಬರಬೇಕು? ಆದರೂ ನನ್ನ ಮೈಕು "ಸೊಗಡವರೆ, ಸೊಗಡವರೆ" ಅಂತ ಕೂಗುತ್ತಲೇ ಇತ್ತು. ಸಂಜೆಯೊಳಗೆ ಖಾಲಿಯಾಗದಿದ್ದರೆ ಅಷ್ಟೂ ಕಾಯಿ ಬಾಡಿಹೋಗುತ್ತಿತ್ತು.

ಮೂರಂತಸ್ತಿನ ಮನೆಯಿಂದ ಒಬ್ಬ ಅಜ್ಜಿ ಇಳಿದು ಬಂದು, ಒಂದು ಕಾಯಿ ಉಜ್ಜಿ ಮೂಸಿದರು.

"ಏನಪ್ಪಾ, ಇದು ಸೊಗಡಾ? ಈ ಮನೆ ಇರೋ ಜಾಗದಲ್ಲೇ ಅವರೆ ಬೆಳೆದೋಳು ನಾನು. ನನ್ನ ಮುಂದೇನಾ ನಿನ್ನ ಸುಳ್ಳು?"

"ಇಬ್ಬನಿ ಬೀಳ್ಲಿಲ್ಲ ಅಜ್ಜಿ, ನಾನೇನ್ ಮಾಡ್ಲಿ?"

"ಅದನ್ನೇ ಹೇಳು! ಮಳೆ ಕುಡಿದು ಕಾಳು ಎಷ್ಟು ದಪ್ಪ ಆಗಿದೆ ನೋಡು. ನೆನೆಸಿ ಸಿಪ್ಪೆ ಹಿತಕಿದ್ರೆ ಸಾರು ಚೆನ್ನಾಗಿರ್ತದೆ. ಕೊಡಿಲ್ಲಿ ಮೈಕು."

ಅಜ್ಜಿಯೇ ರೆಕಾರ್ಡ್ ಮಾಡಿದರು: "ಈ ಸಲ ಸೊಗಡಿಲ್ಲ ಕಣ್ರಮ್ಮಾ, ಹಿತಕಿದ ಬೇಳೆಗೆ ಬನ್ನಿ!" ಬೀದಿಯೇ ನಗುತ್ತಾ ಇಳಿದು ಬಂತು. ಮಧ್ಯಾಹ್ನಕ್ಕೇ ಆಟೋ ಖಾಲಿ.

ಮರುವರ್ಷ ಇಬ್ಬನಿ ಚೆನ್ನಾಗಿ ಬಿತ್ತು, ಅವರೆ ಘಮಘಮ ಅನ್ನುತ್ತಿತ್ತು. ಅಜ್ಜಿಯ ದನಿ ಅಳಿಸೋಕೆ ಮಾತ್ರ ಮನಸ್ಸು ಬರಲಿಲ್ಲ. ಮೈಕು "ಸೊಗಡಿಲ್ಲ" ಅನ್ನುತ್ತಿದ್ದರೆ ಜನ ಬಂದು ಮೂಸಿ, "ಯಾರ್ರೀ ಇಲ್ಲ ಅಂದಿದ್ದು?" ಅಂತ ಅದರ ಜೊತೆಗೇ ಜಗಳವಾಡಿ, ಎರಡೆರಡು ಕೆಜಿ ಒಯ್ದರು.