ಅಡುಗೆಕೋಣೆಗೆ ಹಾಸಿದ ಹಲಸಿನ ಹಲಗೆ

ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ತನ್ನ ಅಡುಗೆಕೋಣೆಗೆ ಮರದ ನೆಲ ಹಾಕಿಸಿದಾಗ ನಾನು ಎಲ್ಲರೆದುರು ನಕ್ಕಿದ್ದೆ. ದಿನಾ ನೀರು ಚೆಲ್ಲುವ ಜಾಗಕ್ಕೆ ಯಾರಾದರೂ ಮರ ಹಾಸುತ್ತಾರೆಯೇ? ಪುತ್ತೂರಿನಲ್ಲಿ ನಮ್ಮಿಬ್ಬರ ಮನೆಗಳಿರುವುದು ಒಂದೇ ಕಂಪೌಂಡಿನೊಳಗೆ. ಎರಡು ವಾರವಾಗುವಷ್ಟರಲ್ಲಿ ನನ್ನ ನಗು ನಿಂತಿತು. ನನ್ನ ಜೊತೆಗಿರುವ ಅತ್ತೆ ಬೆಳಗಿನ ಚಹಾ ಕುಡಿದವರೇ ಕಾಯಿ ತುರಿಯುವ ಹೆರೆಮಣೆ ಎತ್ತಿಕೊಂಡು ಅವಳ ಮನೆಗೆ ಹೋಗತೊಡಗಿದರು.

ನೆಲದ ಮೇಲೆ ಕೂತು ತೆಂಗಿನಕಾಯಿ ಹೆರೆದೇ ಅತ್ತೆಗೆ ಅಭ್ಯಾಸ. ನಾನು ಮದುವೆಯಾಗಿ ಬಂದ ಮಾರನೆಯ ದಿನದಿಂದ ನನ್ನ ಸಾರಿಗೆ, ಪಲ್ಯಕ್ಕೆ ಕಾಯಿ ಹೆರೆದುಕೊಟ್ಟವರು ಅವರೇ. ಈಗ ಎರಡೂ ಮನೆಯ ಕಾಯಿಯನ್ನು ಅಲ್ಲೇ ಕೂತು ಹೆರೆದು, ನಮ್ಮ ಪಾಲನ್ನು ಸ್ಟೀಲಿನ ಡಬ್ಬಿಯಲ್ಲಿ ತಂದುಕೊಡುತ್ತಿದ್ದರು.

ಕಾರಣ ಕೇಳಿದ್ದಕ್ಕೆ, “ಟೈಲ್ಸಿನಲ್ಲಿ ಕೂತ್ರೆ ಸೊಂಟ ಹಿಡೀತದೆ ಮಾರಾಯ್ತಿ. ಅಲ್ಲಿ ಬೆಚ್ಚಗೆ ಉಂಟು” ಅಂದರು.

ಆ ಡಬ್ಬಿ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ನನಗೂ ಮರದ ನೆಲ ಬೇಕೆಂದು ಗಂಡನ ಬೆನ್ನು ಬಿದ್ದೆ. ಆದರೆ ಅವಳದ್ದರ ಹಾಗೆ ಅಂಗಡಿಯ ತೆಳು ಪಟ್ಟಿ ನನಗೆ ಬೇಡ. ಮರ್ಕಂಜದ ನನ್ನ ತವರಿನಲ್ಲಿ ಹಳೆಯ ಹಲಸಿನ ಮರ ಬಿದ್ದಾಗ ಕುಯ್ಯಿಸಿಟ್ಟ ಹಲಗೆಗಳು ಅಟ್ಟದ ಮೇಲಿದ್ದವು. ನಮ್ಮ ಕಡೆ ಹಾಗೆಯೇ, ಮುಂದೆ ಬಾಗಿಲಿಗೋ ಮಂಚಕ್ಕೋ ಬೇಕಾದೀತು ಎಂದು ಹಲಸಿನ ಹಲಗೆಯನ್ನು ವರ್ಷಗಟ್ಟಲೆ ಒಣಗಿಸಿ ಇಟ್ಟುಕೊಳ್ಳುತ್ತೇವೆ. ಅಣ್ಣ ಮರುಮಾತಾಡದೆ ಅಷ್ಟನ್ನೂ ಪಿಕಪ್ಪಿಗೆ ಹೇರಿಸಿ ಕಳಿಸಿದ.

ಆಲಂಕಾರಿನಿಂದ ಬಂದ ಮರದ ಆಚಾರಿ ಮೊದಲು ಮಾಡಿದ ಕೆಲಸವೆಂದರೆ ಗ್ಯಾಸಿನ ಕಟ್ಟೆಯ ಕೆಳಗಿನ ಕಪಾಟುಗಳ ಬಾಗಿಲನ್ನು ತೆರೆದು ಮುಚ್ಚಿ ನೋಡಿದ್ದು. ಬಾಗಿಲಿಗೂ ಟೈಲ್ಸಿಗೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು.

“ಹಲಗೆ ಒಂದು ಇಂಚು ದಪ್ಪ ಉಂಟು ಅಕ್ಕ. ಅರ್ಧಕ್ಕೆ ಇಳಿಸುವ. ಇಲ್ಲದಿದ್ರೆ ಈ ಬಾಗಿಲು ತೆಗೀಲಿಕ್ಕೆ ಆಗುದಿಲ್ಲ.”

“ಒಳ್ಳೆ ಹಲಸನ್ನು ಹೊಟ್ಟು ಮಾಡಿ ಎಸೆಯುದಾ? ಬೇಡ. ಬಾಗಿಲನ್ನೇ ಕೊಯ್ಯಿ.”

ಓರಗಿತ್ತಿಯ ನೆಲಕ್ಕಿಂತ ನನ್ನದು ದಪ್ಪವಿರಬೇಕು, ಅಷ್ಟೇ ವಿಷಯ. ಆಚಾರಿ ಒಮ್ಮೆ ನನ್ನ ಮುಖ ನೋಡಿ ಸ್ಕ್ರೂ ಬಿಚ್ಚತೊಡಗಿದರು. ಚೆನ್ನಾಗಿದ್ದ ಕಪಾಟಿನ ಬಾಗಿಲುಗಳನ್ನು ಬುಡದಲ್ಲಿ ಕೊಯ್ದರು. ಕಪಾಟುಗಳನ್ನು ಕದಲಿಸದೆ, ಮೂಲೆ ಮೂಲೆಗೂ ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ ಟೈಲ್ಸಿನ ಮೇಲೆಯೇ ಹಲಗೆ ಕೂರಿಸಿದರು. ಮಳೆಗಾಲದಲ್ಲಿ ಮರ ಹಿಗ್ಗುತ್ತದೆಂದು ಸುತ್ತಲೂ ಸಣ್ಣ ಸಂದು ಬಿಟ್ಟು, ಅದರ ಮೇಲೆ ತೆಳು ಪಟ್ಟಿ ಹೊಡೆದರು. ಪಾಲಿಶ್ ಒಣಗಿದ ಮೇಲೆ ಅಡುಗೆಕೋಣೆ ಹೊಂಬಣ್ಣದಲ್ಲಿ ಹೊಳೆಯಿತು. ಪಕ್ಕದ ಹಾಲ್‌ನ ನೆಲಕ್ಕಿಂತ ಅದು ಒಂದು ಇಂಚು ಮೇಲೆ ನಿಂತದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ.

ಓರಗಿತ್ತಿ ನೋಡಲು ಬಂದಳು. “ಎಷ್ಟು ಚಂದ ಆಗಿದೆ ಅಕ್ಕ! ನಮ್ಮದು ಇದರ ಮುಂದೆ ಎಂತದೂ ಅಲ್ಲ” ಅಂದಳು. ಅವಳ ದನಿಯಲ್ಲಿ ಒಂದಿಷ್ಟಾದರೂ ಅಸೂಯೆ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅತ್ತೆಯನ್ನು ನಾನೇ ಕರೆದೆ. ಅವರು ಬಾಗಿಲ ದಾರಂದ ಹಿಡಿದು, ಜಾಗ್ರತೆಯಿಂದ ಕಾಲೆತ್ತಿ ಒಳಗೆ ಬಂದರು. ಹೆರೆಮಣೆ ಇಡುವ ಮೊದಲೇ ನಾನು ಅದರ ಕೆಳಗೆ ಪೇಪರ್ ಹಾಸಿದೆ. ಅವರು ಕಾಯಿ ಒಡೆದಾಗ ನಾಲ್ಕು ಹನಿ ನೀರು ನೆಲಕ್ಕೆ ಬಿತ್ತು. “ಅಯ್ಯೋ ಅತ್ತೆ, ಕಲೆ ಹಿಡೀತದೆ!” ಎಂದು ಬಟ್ಟೆ ಹಿಡಿದು ಓಡಿದೆ. ಆಮೇಲೆ ತುರಿ ಹಾರಿತೆಂದು ಒರೆಸಿದೆ. ಹೆರೆಮಣೆ ಜಾರಿತೆಂದು ಪೇಪರ್ ಸರಿಮಾಡಿದೆ. ಅವರು ಕಾಲನ್ನು ಒಳಗೆಳೆದುಕೊಂಡು, ಸೀರೆ ಮುದುಡಿ, ಒಡೆದ ಕಾಯಿಯ ಎರಡೂ ಕಡಿಯನ್ನು ಹೆರೆದು ಮುಗಿಸಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

“ನಾನು ಇನ್ನು ಹೋಗ್ಲಾ?”

ಈ ಮನೆ ಕಟ್ಟಿಸಿದ್ದು ಅವರು ಮತ್ತು ಮಾವ. ಇಷ್ಟು ವರ್ಷದಲ್ಲಿ ಅವರು ನನ್ನ ಅಪ್ಪಣೆ ಕೇಳಿದ್ದು ಅದೇ ಮೊದಲು. ನಾನು ಪೇಪರ್ ಮಡಚುವಷ್ಟರಲ್ಲಿ ಅವರು ಎದ್ದು ಹೊರಟಿದ್ದರು.

ಮಧ್ಯಾಹ್ನವಾದರೂ ಅವರು ಬರಲಿಲ್ಲ. ಊಟಕ್ಕೆ ಕರೆಯಲು ಓರಗಿತ್ತಿಯ ಮನೆಗೆ ಹೋದೆ. ಅಡುಗೆಕೋಣೆಯ ಬಾಗಿಲಲ್ಲೇ ನನ್ನ ಕಾಲು ನಿಂತಿತು. ವರ್ಷ ತುಂಬದ ಆ ನೆಲದ ತುಂಬ ಅರಸಿನದ ಕಲೆ, ಹೆರೆಮಣೆ ಎಳೆದ ಗೀರು. ಸಿಂಕಿನ ಬಳಿ ನೀರು ಕುಡಿದು ಪಟ್ಟಿಯ ಅಂಚು ಎದ್ದಿತ್ತು. ಓರಗಿತ್ತಿ ಕೆಳಗೆ ಕೂತು ಅಲಸಂಡೆ ಮುರಿಯುತ್ತಿದ್ದಳು. ಪಕ್ಕದಲ್ಲಿ ಅತ್ತೆ, ಎರಡೂ ಕಾಲು ಚಾಚಿ, ಏನೋ ಹೇಳಿ ತಾವೇ ನಗುತ್ತಿದ್ದರು. ಇಬ್ಬರ ನಡುವೆ ಯಾವುದೋ ನೀರು ಚೆಲ್ಲಿ ಹರಿದಿತ್ತು. ಯಾರೂ ಒರೆಸಲು ಏಳಲಿಲ್ಲ.

ಆ ಅಂಗಡಿ ಹಲಗೆಯ ಒಂದೊಂದು ಕಲೆಯನ್ನು ನೋಡಿಯೂ ನನಗೆ ಹೊಟ್ಟೆಕಿಚ್ಚಾಯಿತು.

ಅತ್ತೆ ನನ್ನನ್ನು ಕಂಡು, ಮನೆಗೆ ಬಂದ ನೆಂಟರನ್ನು ಕರೆಯುವ ಹಾಗೆ, “ಬಾ, ಬಾ, ಕೂತ್ಕೊ” ಎಂದು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.