ಕಿವಿಗೊಟ್ಟು ಬೇಯಿಸಿದ ಬಿಲ್ಲೆಗಳು

ಪಕ್ಕದ ಮನೆಯಲ್ಲಿ ಯಾರೋ ಮಾಂಸ ಹುರಿಯುತ್ತಿದ್ದರು. ಈರುಳ್ಳಿಯ ಜೊತೆ ಕೊಬ್ಬು ಕರಗುವ ಆ ವಾಸನೆ ಕಿಟಕಿಯಿಂದ ಬಂದಾಗ, ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದವಳು ಹಾಗೇ ಕುಳಿತುಬಿಟ್ಟೆ. ಅಮ್ಮ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು. ನಿಮಗೂ ಹೀಗೆ ಆಗಿರಬಹುದು: ಹೋದವರನ್ನು ನೆನೆಯಬೇಕೆಂದು ಕುಳಿತರೆ ಮುಖವೂ ಸರಿಯಾಗಿ ಕಾಣುವುದಿಲ್ಲ, ಎಲ್ಲಿಂದಲೋ ಒಂದು ವಾಸನೆ ಬಂದರೆ ಇಡೀ ಮನೆಯೇ ಎದ್ದು ಬರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಯಲಹಂಕದ ಹಳೇ ಊರಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಹೆಬ್ಬಾಳದ ಕಡೆಯ ಒಂದು ಬಂಗಲೆಗೆ ಅಡುಗೆಗೆ ಹೋಗುತ್ತಿದ್ದ. ಅಲ್ಲಿದ್ದ ಅಮೆರಿಕದ ದಂಪತಿಗೆ ಶನಿವಾರ ಬಂತೆಂದರೆ ಹ್ಯಾಂಬರ್ಗರ್ ಆಗಲೇಬೇಕು. ಖೈಮಾವನ್ನು ಅಂಗೈಯಗಲದ ಬಿಲ್ಲೆಯಾಗಿ ತಟ್ಟಿ, ಕಾವಲಿಯ ಮೇಲೆ ಬೇಯಿಸಿ, ಬನ್ನಿನ ನಡುವೆ ಇಟ್ಟುಕೊಡುವುದು. ಬಿಲ್ಲೆಯಿಂದ ಒಸರುವ ನೀರಿನ ಕೆಂಪು ಹೋಗಿ ತಿಳಿಯಾದರೆ ಬೆಂದಿತು ಎಂದು ಅಪ್ಪ ಕಲಿತಿದ್ದ. ಆದರೆ ಆ ವರ್ಷ ಅವನ ಕಣ್ಣಿಗೆ ಪೊರೆ ಬರತೊಡಗಿತ್ತು. ಕೆಂಪು ಯಾವುದು, ತಿಳಿ ಯಾವುದು ತಿಳಿಯದೆ ಒಂದು ವಾರ ಒಳಗೆ ಹಸಿ ಉಳಿಯಿತು, ಮರುವಾರ ಸೀದುಹೋಯಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಬಂಗಲೆಯಮ್ಮ ಹೇಳಿಯಾಗಿತ್ತು.

ಅಪ್ಪ ಕಿವಿಯಿಂದ ಕಲಿಯಲು ಹೊರಟ. ಹಸಿ ಬಿಲ್ಲೆ ಜೋರಾಗಿ ಚಟಗುಟ್ಟುತ್ತದೆ, ಬೇಯುತ್ತ ಬೇಯುತ್ತ ನೀರು ಆರಿ ಸದ್ದು ಇಳಿಯುತ್ತದೆ. ಆ ಇಳಿಯುವ ಗಳಿಗೆಯನ್ನು ಹಿಡಿಯಬೇಕು. ಭಾನುವಾರ ಬೆಳಿಗ್ಗೆ ಕುರಿ ಖೈಮಾ ತಂದು, ಬಣ್ಣ ನೋಡಿ ಹೇಳಲು ನನ್ನನ್ನು ಒಲೆಯ ಪಕ್ಕ ಕೂರಿಸಿಕೊಳ್ಳುತ್ತಿದ್ದ. "ಬಾಯಿ ಮುಚ್ಕೊಂಡಿರವ್ವ, ನಾನು ಕೇಳಿದ್ಮೇಲೆ ಯೋಳು" ಎನ್ನುತ್ತಿದ್ದ. ಮೊದಲ ಭಾನುವಾರ ಒಂದು ಬಿಲ್ಲೆ ಒಡೆದುಹೋದರೂ ಉಳಿದವು ಸರಿಯಾಗಿ ಬೆಂದವು. ಎರಡನೆಯ ಭಾನುವಾರ ಸದ್ದು ಬೇಗನೆ ಇಳಿಯಿತು. ಅಪ್ಪ ತೆಗೆದು ಮುರಿದು ನನ್ನ ಮುಂದೆ ಹಿಡಿದ. ಒಳಗೆ ಹಸಿ. ಇನ್ನೊಂದು ಹಾಕಿದ, ಅದೂ ಹಸಿ.

ಅಪ್ಪ ಸಟ್ಟುಗ ಕೆಳಗಿಟ್ಟ. "ಕಿವೀನೂ ಓಯ್ತು ಕಣೇ. ನಾಳೆ ಯೋಳ್ಬುಟ್ಟು ಬಂದ್ಬುಡ್ತೀನಿ, ಬೇರೆಯವ್ರನ್ನ ನೋಡ್ಕಳಿ ಅಂತ."

ಅಮ್ಮ ಸೆರಗಿಗೆ ಕೈ ಒರೆಸುತ್ತ ಒಲೆಯ ಹತ್ತಿರ ಬಂದಳು. "ಕಿವಿ ಎಲ್ಲೂ ಓಗಿಲ್ಲ ಕಣ್ರೀ. ನಾನೇ ಉರಗಡ್ಲೆ ಪುಡಿ ಆಕಿದ್ದು."

"ಏನಂದೆ?"

"ಓದ್ವಾರ ಬಿಲ್ಲೆ ಒಡ್ದೋಯ್ತಲ್ಲ, ಅದ್ಕೇ. ಉಂಡೆ ಸಾರಿಗೆ ಆಕ್ದಂಗೆ ಎಲ್ಡು ಇಡಿ ಆಕ್ದೆ."

ಸಾರಿನಲ್ಲಿ ಖೈಮಾ ಉಂಡೆ ಒಡೆಯದಿರಲೆಂದು ನಮ್ಮ ಕಡೆ ಹುರಿಗಡಲೆ ಪುಡಿ ಬೆರೆಸುತ್ತಾರೆ. ಆ ಪುಡಿ ಮಾಂಸದ ನೀರನ್ನೆಲ್ಲ ಹೀರಿಕೊಂಡು, ಬೇಯುವ ಮೊದಲೇ ಕಾವಲಿಯ ಸದ್ದನ್ನು ಅಡಗಿಸಿತ್ತು. ಅಪ್ಪ ಅಮ್ಮನ ದನಿ ಬಂದ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ ಕಣೇ, ಅಮೆರಿಕದವ್ರಿಗೂ ಉಂಡೆ ಸಾರು ತಿನ್ನಿಸಾಕೆ ಒಂಟಿದ್ಯಲ್ಲ!"

"ತಿಂದು ನೋಡ್ಲಿ, ಆಮೇಲೆ ಊರಿಗೆ ಓಗಾಕಿಲ್ಲ ಅವ್ರು."

ಸಾರಿಗೆಂದು ಎತ್ತಿಟ್ಟಿದ್ದ ಬರೀ ಖೈಮಾದಲ್ಲಿ ಅಪ್ಪ ಇನ್ನೊಂದು ಬಿಲ್ಲೆ ತಟ್ಟಿದ. ಕಣ್ಣು ಮುಚ್ಚಿ, ಕಿವಿಯನ್ನು ಕಾವಲಿಯ ಕಡೆ ವಾಲಿಸಿ ಕುಳಿತ. ನೀರು ತಿಳಿಯಾಗುವುದು ನನಗೆ ಕಾಣುತ್ತಿತ್ತು. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಒಂದೆರಡು ಉಸಿರಿನಷ್ಟು ಹೊತ್ತಾದ ಮೇಲೆ ಅಪ್ಪ "ಈಗ" ಎಂದ. ಮುರಿದರೆ ನಡುವಿನವರೆಗೂ ಹದವಾಗಿ ಬೆಂದಿತ್ತು.

ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಅಂದು ಅಪ್ಪ ಅರ್ಧ ಬಿಲ್ಲೆಯನ್ನು ಮೊದಲು ಅಮ್ಮನ ಕಡೆ ಚಾಚಿದ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ತೆಗೆದುಕೊಂಡು, ಅವನ ಎದುರಿಗೇ ತಿಂದಳು. "ಒಸಿ ಉಪ್ಪು ಕಮ್ಮಿ" ಎಂದಳು.

ಆ ದಂಪತಿ ಊರಿಗೆ ಮರಳುವವರೆಗೂ ಅಪ್ಪ ಅಲ್ಲೇ ಕೆಲಸ ಮಾಡಿದ. ಭಾನುವಾರಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುವುದು ರೂಢಿಯಾಯಿತು. ನಮ್ಮ ಆ ಮನೆ ಈಗಿಲ್ಲ. ಅಪ್ಪ ಹೋದ ಮೇಲೂ ಅಮ್ಮ ಭಾನುವಾರದ ಊಟಕ್ಕೆ ಅವನಿಗೆ ಜಾಗ ಬಿಟ್ಟು ಒಂದು ಪಕ್ಕಕ್ಕೆ ಸರಿದೇ ಕೂರುತ್ತಿದ್ದಳು.